ಮಂಚಮ್ಮನ ಮಗ ಮರ್ಯಾದೆ ಮಾಡಿದ್ದು

ನಗುವವರು ಮುಂದೆ ಕೂತುಕೊಳ್ಳಿ, ತೂಕಡಿಸುವವರು ಗೋಡೆಗೆ ಒರಗಿಕೊಳ್ಳಿ. ಕೈಕೆಳಗೆ ಆಳುಕಾಳು ಇಟ್ಟುಕೊಂಡ ಧಣಿಗಳು ಯಾರಾದರೂ ಬಂದಿದ್ದರೆ ಬಾಗಿಲ ಹತ್ತಿರವೇ ಇರಿ. ನಡುವೆ ಎದ್ದು ಹೋಗಬೇಕು ಅನ್ನಿಸಿದರೆ ಯಾರನ್ನೂ ತುಳಿಯದೆ ಹೋಗಬಹುದು.

ಒಂದು ಊರು. ಊರ ಕೆಳಗೆ ಹೊಳೆ. ಹೊಳೆಯ ಈಚೆ ದಡದಲ್ಲಿ ಮಂಚಮ್ಮನ ಆಲೆಮನೆ, ಆಚೆ ದಡದಲ್ಲಿ ಪುಟ್ಟೀರೇಗೌಡನ ಆಲೆಮನೆ. ಮಂಚಮ್ಮನ ಗಂಡ ಸತ್ತು ಹತ್ತು ವರ್ಷ ಆಗಿತ್ತು. ಮಗಳು ಮದುವೆಯಾಗಿ ಗಂಡನ ಮನೆ ಸೇರಿದ್ದಳು. ಅವನು ಬಿಟ್ಟುಹೋಗಿ ಮನೆಯಲ್ಲಿ ಉಳಿದದ್ದು ಎರಡು: ಒಂದು ಆಲೆಮನೆ, ಒಬ್ಬ ಮಗ. ಆಲೆಮನೆ ಚೆನ್ನಾಗಿ ನಡೆಯುತ್ತಿತ್ತು. ಮಗನದೇ ತಾಪತ್ರಯ. ಹೆಸರು ಚಿಕ್ಕಲಿಂಗ. ಬಾಗಿಲ ಪಟ್ಟಿ ಹಣೆಗೆ ಹೊಡೆಯುವಷ್ಟು ಎತ್ತರ, ಎರಡಾಳಿನ ಊಟ, ಹೇಳಿದ ಮಾತನ್ನು ಮೀರದ ಗುಣ. ಆ ಕೊನೆಯ ಗುಣವೇ ಮಂಚಮ್ಮನ ಪ್ರಾಣಕ್ಕೆ ಬಂದಿತ್ತು.

"ಎಮ್ಮೆ ಮೇಲೆ ಒಂದು ಕಣ್ಣಿಟ್ಟಿರ್ಲಾ" ಅಂದರೆ, ಇನ್ನೊಂದು ಕಣ್ಣನ್ನು ಅಂಗೈಯಲ್ಲಿ ಮುಚ್ಚಿಕೊಂಡು ಸಂಜೆವರೆಗೂ ನಿಂತಿರುತ್ತಿದ್ದ. ಎಮ್ಮೆ ಮುಚ್ಚಿದ ಕಣ್ಣಿನ ಕಡೆಯಿಂದ ಹೋಗಿ ಯಾರದೋ ಭತ್ತ ಮೇಯುತ್ತಿತ್ತು. "ಅಯ್ಯೋ ನನ್ನ ಹಣೆಬರವೇ!" ಅಂತ ಮಂಚಮ್ಮ ಹಣೆ ಬಡಿದುಕೊಂಡರೆ, "ನೀನು ಹೇಳ್ದಂಗೇ ಮಾಡ್ದೆ ಕಣವ್ವ" ಅನ್ನುತ್ತಿದ್ದ. ಅದಂತೂ ನಿಜ.

ಇನ್ನು ಮಂಚಮ್ಮ ಎಂಥವಳು ಅಂತ ಕೇಳುತ್ತೀರಾ? ಅವಳ ಆಲೆಮನೆಯಲ್ಲಿ ನಾಲ್ಕು ಜನ ದುಡಿಯುತ್ತಿದ್ದರು. ಒಲೆಗೆ ಉರಿ ಹಾಕುವ ಬೆಟ್ಟಯ್ಯ. ಬೆಲ್ಲವನ್ನು ಅಚ್ಚಿಗೆ ತುಂಬುವ ದೇವೀರಮ್ಮ. ಗಾಣಕ್ಕೆ ಕಬ್ಬು ಕೊಡುವ ಸಿದ್ದರಾಜು. ಕೊಪ್ಪರಿಗೆ ಮುಂದೆ ನಿಂತು ಪಾಕ ನೋಡುವ ಜವರಯ್ಯ. ವರ್ಷವೆಲ್ಲ ಬೆಲ್ಲ ಕಾಸಿದ ಈ ನಾಲ್ವರಿಗೆ ವರ್ಷದ ಕೊನೆಗೆ, ಯುಗಾದಿ ಹಿಂದಿನ ದಿನ, ಮಂಚಮ್ಮ ಕೊಡುತ್ತಿದ್ದ ಉಡುಗೊರೆ ಏನು ಗೊತ್ತೆ? ತಲೆಗೆ ಅರ್ಧ ಅಚ್ಚು ಬೆಲ್ಲ. ಅದೂ ಒಡೆದದ್ದು, ಸಂತೆಯಲ್ಲಿ ಯಾರೂ ಮುಟ್ಟದ್ದು. "ಗೌಡ್ತವ್ವ ಬೆಲ್ಲ ಕೊಟ್ಟವ್ಳೆ, ಬೇವು ನಮ್ಮ ಮನೇಲಿ ಬೇಕಾದಷ್ಟದೆ" ಅಂತ ದೇವೀರಮ್ಮ ಪ್ರತಿ ವರ್ಷ ಹೇಳುತ್ತಿದ್ದಳು. ಮಂಚಮ್ಮ ಅದನ್ನು ಹೊಗಳಿಕೆ ಅಂತಲೇ ತಿಳಿದಿದ್ದಳು.

ಆ ಸೀಮೆಯಲ್ಲಿ ಒಂದು ಪದ್ಧತಿ. ಯುಗಾದಿ ಮಾರನೆ ದಿನ ವರ್ಷದ ತೊಡಕು. ಅವತ್ತು ಏನು ಮಾಡುತ್ತೇವೋ ವರ್ಷವೆಲ್ಲ ಅದನ್ನೇ ಮಾಡುತ್ತೇವೆ ಅನ್ನುವ ನಂಬಿಕೆ. ಹಾಗಾಗಿ ಮನೆಮನೆಯಲ್ಲೂ ಬಾಡೂಟ. ಆಲೆಮನೆಯವರಿಗೆ ಇನ್ನೂ ಒಂದು ಕಟ್ಟುಪಾಡು ಇತ್ತು. ತೊಡಕಿನ ದಿನ ಹೊತ್ತು ನೆತ್ತಿಗೆ ಬರುವುದರೊಳಗೆ ಪಾಕ ನೋಡುವವನು ಯಾರ ಕೊಪ್ಪರಿಗೆಗೆ ಸೌಟು ಇಳಿಸುತ್ತಾನೋ, ಆ ವರ್ಷ ಅವನು ಅಲ್ಲೇ. ಯಾರೂ ಕರೆಯುವಂತಿಲ್ಲ, ಅವನೂ ಬಿಡುವಂತಿಲ್ಲ.

ಈ ವರ್ಷ ಒಂದು ಸುದ್ದಿ ಹಬ್ಬಿತು. ಪುಟ್ಟೀರೇಗೌಡ ತೊಡಕಿನ ದಿನ ಗಾಡಿ ಕಳಿಸುತ್ತಾನಂತೆ. ಜವರಯ್ಯನನ್ನು ಕರೆಯುತ್ತಾನಂತೆ. ಮಂಚಮ್ಮ ಬೆರಳು ಮಡಿಸಿ ಲೆಕ್ಕ ಹಾಕಿದಳು. ಗಾಣ ಹೋದರೆ ಇನ್ನೊಂದು ಗಾಣ ಬರುತ್ತೆ. ಜವರಯ್ಯ ಹೋದರೆ? ಪಾಕ ಒಂದು ಗಳಿಗೆ ಮುಂದಾದರೆ ಬೆಲ್ಲ ಕಲ್ಲು, ಒಂದು ಗಳಿಗೆ ಹಿಂದಾದರೆ ಅಂಟು. ಆ ಗಳಿಗೆ ಗೊತ್ತಿದ್ದವನು ಈಚೆ ದಡದಲ್ಲಿ ಅವನೊಬ್ಬನೇ. ಅವನು ಹೊಳೆ ದಾಟಿದರೆ ಆಲೆಮನೆಗೆ ಬೀಗ.

ಆಗ ಪಟ್ಟಣದಿಂದ ಅವಳ ತಮ್ಮನ ಮಗಳು ಹಬ್ಬಕ್ಕೆ ಬಂದಳು. ಯಾವುದೋ ಆಫೀಸಿನಲ್ಲಿ ಕೆಲಸ. ಅತ್ತೆಯ ಸಂಕಟ ಕೇಳಿ ಅಂದಳು, "ಅತ್ತೆ, ನಮ್ಮ ಆಫೀಸಲ್ಲಿ ವರ್ಷದ ಕೊನೇಲಿ ಒಬ್ಬೊಬ್ಬರಿಗೂ ಯೋಚನೆ ಮಾಡಿ ಉಡುಗೊರೆ ಕೊಡ್ತಾರೆ. ಎಲ್ಲರ ಮುಂದೆ ಕರೆದು ಸನ್ಮಾನ ಮಾಡ್ತಾರೆ. ಮನಸ್ಸಿಗೆ ಮುಟ್ಟಬೇಕು ಅತ್ತೆ! ಮುಟ್ಟಿದ್ರೆ ಯಾರೂ ಬಿಟ್ಟುಹೋಗಲ್ಲ."

"ನಿಂಗೇನು ಕೊಟ್ರವ್ವ?"

"ಒಂದು ಕಾಫಿ ಲೋಟ. ಅದರ ಮೇಲೆ ಆಫೀಸಿನ ಹೆಸರು ಬರೆಸಿದ್ರು."

"ಮನಸ್ಸಿಗೆ ಮುಟ್ತಾ?"

"ಬೇರೆ ಕಡೆ ಕೆಲಸ ನೋಡ್ತಾ ಇದೀನಿ ಅತ್ತೆ" ಅಂದು ಹುಡುಗಿ ಕೋಡುಬಳೆ ಮುರಿದಳು.

ಮಂಚಮ್ಮ ಮೊದಲ ಮಾತನ್ನು ಹಿಡಿದುಕೊಂಡಳು, ಕೊನೆಯ ಮಾತನ್ನು ಬಿಟ್ಟಳು. ಅವತ್ತೇ ಪೆಟ್ಟಿಗೆ ತೆಗೆದು ಕೂತು ಯೋಚಿಸಿದಳು. ಏನು ಯೋಚಿಸಿದಳು? ಮನೆಯಲ್ಲಿ ಬೇಡವಾಗಿ ಬಿದ್ದಿರುವುದು ಏನೇನಿದೆ ಅಂತ ಯೋಚಿಸಿದಳು. ಒಂದು ಕರಿ ಕಂಬಳಿ ಇತ್ತು, ಬೆಟ್ಟಯ್ಯನಿಗೆ. ಮಗಳ ಮದುವೆಯಲ್ಲಿ ಯಾರೋ ಮುಯ್ಯಿ ಕೊಟ್ಟ ಸೀರೆ ಇತ್ತು, ದೇವೀರಮ್ಮನಿಗೆ. ಒಂದು ಟವೆಲು, ಸಿದ್ದರಾಜುವಿಗೆ. ಜವರಯ್ಯನಿಗೆ ಮಾತ್ರ ಎದೆ ಗಟ್ಟಿ ಮಾಡಿಕೊಂಡು ಸಂತೆಯಿಂದ ಹೊಸ ಪಂಚೆ ತರಿಸಿದಳು.

ಇಷ್ಟೆಲ್ಲ ಮಾಡಿದವಳು ತಾನೇ ಹೋಗಿ ಕೊಟ್ಟಿದ್ದರೆ ಈ ಕತೆಯೇ ಇಲ್ಲ. ಆದರೆ ಗೌಡ್ತಿ ಆಳುಗಳ ಮುಂದೆ ಹೋಗಿ ನಿಲ್ಲುವುದುಂಟೆ? ಎತ್ತಿ ಹಿಡಿದ ಮೂಗು ಏನಾಗಬೇಕು? ಮಗನನ್ನು ಕರೆದಳು.

"ಲೇ ಲಿಂಗ, ಈ ಕಂಬಳಿ ತಕ್ಕೊಂಡೋಗಿ ಬೆಟ್ಟಯ್ಯಂಗೆ ಕೊಡು. ಸುಮ್ನೆ ಕೈಗೆ ಕೊಡಬ್ಯಾಡ. ಹೆಗಲಿಗೆ ಹೊದಿಸಿ ಸನ್ಮಾನ ಮಾಡು. ಬೆಚ್ಚಗೆ ಹೊದಿಸ್ಬೇಕು, ತಿಳೀತಾ?"

"ತಿಳೀತು ಕಣವ್ವ. ಬೆಚ್ಚಗೆ!"

ಹೋದ. ಯುಗಾದಿ ಮುಂಚಿನ ಬಿಸಿಲು. ಬೆಟ್ಟಯ್ಯ ಒಲೆಯ ಬಾಯಿಗೆ ಎದುರಾಗಿ ಕುಕ್ಕರುಗಾಲಲ್ಲಿ ಕೂತಿದ್ದ. ಮೈಮೇಲೆ ಒಂದು ಚಡ್ಡಿ, ಮಿಕ್ಕದ್ದೆಲ್ಲ ಬೆವರು. ಒಣಗಿದ ಕಬ್ಬಿನ ಸಿಪ್ಪೆಯನ್ನು ಕಂತೆ ಕಂತೆಯಾಗಿ ಒಲೆಗೆ ತಳ್ಳುತ್ತಿದ್ದ. ಚಿಕ್ಕಲಿಂಗ ಹಿಂದಿನಿಂದ ಬಂದು ಕಂಬಳಿ ಹೊದಿಸಿದ. ಹೆಗಲಿಗೆ ಹೊದಿಸಿದ, ತಲೆಗೂ ಹೊದಿಸಿದ, ಬೆಚ್ಚಗಿರಲಿ ಅಂತ ಎರಡು ಸುತ್ತು ಸುತ್ತಿ ಅಪ್ಪಿ ಹಿಡಿದುಕೊಂಡ.

"ಅಯ್ಯಯ್ಯೋ! ಯಾರ್ಲಾ ಅದು! ಉಸುರು ಕಟ್ತದೆ! ಬಿಡ್ಲಾ!"

"ಸನ್ಮಾನ ಕಣಣ್ಣ, ಅಲ್ಲಾಡಬ್ಯಾಡ! ಬೆಚ್ಚಗಾಯ್ತಾ?"

"ಸಾಯ್ತೀನಿ ಕಣ್ಲಾ!"

"ಇನ್ನೂ ಒಂದು ಸುತ್ತು ಸುತ್ಲಾ?"

ಇವನು ಹಿಡಿದ, ಅವನು ಒದ್ದಾಡಿದ, ಕಂಬಳಿಯ ತುದಿ ಒಲೆಗೆ ಬಿತ್ತು, ಹತ್ತಿಕೊಂಡಿತು. ಜವರಯ್ಯ ಓಡಿಬಂದು ಒಂದು ಕೊಡ ನೀರು ಸುರಿದು ಬಿಡಿಸಿದ. ಸನ್ಮಾನಿತನ ಮೀಸೆಯ ಎಡಭಾಗ ಹೋಗಿತ್ತು.

ಮಂಚಮ್ಮ ಹಣೆ ಬಡಿದುಕೊಂಡಳು. "ಅಯ್ಯೋ ನನ್ನ ಹಣೆಬರವೇ! ಉರಿ ಮುಂದೆ ಕುಂತೋನಿಗೆ ಕಂಬಳಿ ಹೊದಿಸ್ತಾರೇನ್ಲಾ!"

"ಕಂಬಳಿ ಕೊಟ್ಟೋಳು ನೀನೇ ಅಲ್ವೇನವ್ವ?"

"ಬಾಯ್ಮುಚ್ಚು! ಬೆಂಕಿ ಕಂಡ ತಕ್ಷಣ ಜವರಯ್ಯನಂಗೆ ನೀರು ಹುಯ್ಯಬೇಕಪ್ಪ! ಮೊದಲು ನೀರು ಹುಯ್ದು ತಣ್ಣಗೆ ಮಾಡು, ಆಮೇಲೆ ಕೈ ಮುಗಿದು ಉಡುಗೊರೆ ಕೊಡು. ತಿಳೀತಾ?"

"ತಿಳೀತು ಕಣವ್ವ. ಮೊದಲು ನೀರು, ಆಮೇಲೆ ಉಡುಗೊರೆ!"

ಮಾರನೆ ದಿನ ಸೀರೆ ಕಂಕುಳಲ್ಲಿ, ಕೊಡದ ತುಂಬ ನೀರು ಹೆಗಲಲ್ಲಿ, ಚಿಕ್ಕಲಿಂಗ ದೇವೀರಮ್ಮನ ಮನೆಗೆ ಹೋದ. ಅವಳು ಹಬ್ಬಕ್ಕೆ ಕಜ್ಜಾಯ ಸುಡುತ್ತಿದ್ದಳು. ಒಲೆ ಧಗಧಗ ಉರಿಯುತ್ತಿತ್ತು. ಬೆಂಕಿ ಕಂಡಿತಲ್ಲ! ಚಿಕ್ಕಲಿಂಗ ಮಾತಿಲ್ಲ ಕತೆಯಿಲ್ಲ, ಒಲೆಯ ಬಾಯಿಗೆ ಕೊಡ ಬೋರಲು ಹಾಕಿದ. ಬುಸ್ಸೆಂದು ಬೂದಿ ಎದ್ದಿತು. ಬಾಣಲೆಗೆ ಬೂದಿ, ಕಜ್ಜಾಯಕ್ಕೆ ಬೂದಿ, ದೇವೀರಮ್ಮನ ಹುಬ್ಬಿಗೂ ಬೂದಿ.

"ಅಯ್ಯೋ ನಿನ್ನ ಕೈ ಸೇದೋಗ! ಹಬ್ಬದ ಒಲೆ ಕೆಡಿಸ್ತೀಯೇನ್ಲಾ ಮೂದೇವಿ!"

"ತಣ್ಣಗಾಯ್ತಾ ಅಕ್ಕ? ತಕೊ, ಉಡುಗೊರೆ!" ಅಂದು ಕೈ ಮುಗಿದು ಸೀರೆ ಕೊಟ್ಟ.

ದೇವೀರಮ್ಮ ಸೀರೆ ಬಿಡಿಸಿದಳು. ಅಂಚು ನೋಡಿದಳು. ಸೆರಗು ತಿರುಗಿಸಿದಳು. ಬೂದಿ ಮೆತ್ತಿದ ಮುಖದಲ್ಲಿ ಕಣ್ಣು ಎರಡೇ ಕಾಣುತ್ತಿದ್ದವು.

"ಲಿಂಗಪ್ಪ, ಇದು ನಿಮ್ಮಕ್ಕನ ಮದುವೇಲಿ ನಿಮ್ಮವ್ವಂಗೆ ನಾನೇ ಮುಯ್ಯಿ ಇಕ್ಕಿದ ಸೀರೆ ಕಣಪ್ಪ. ಮೂರು ತಿಂಗಳ ಕೂಲಿ ಕೂಡಿಸಿ ತಂದಿದ್ದೆ. ಒಂದು ದಿನ ಉಟ್ಟಿಲ್ವಾ ಆಯಮ್ಮ?"

"ಇಲ್ಲ ಅಕ್ಕ. ಇದು ಯಾರುಟ್ಟಾರು, ಆಳುಕಾಳಿಗೆ ಆಯ್ತದೆ ಅಂತ ಮಡಗಿದ್ಲು."

ಇದನ್ನೂ ಮನೆಗೆ ಬಂದು ಒಂದಕ್ಷರ ಬಿಡದೆ ಅವ್ವನಿಗೆ ಒಪ್ಪಿಸಿದ. ಸೀರೆಯ ಮಾತಿಗೆ ಮಂಚಮ್ಮ ಕೆಮ್ಮಿದಳು. ಒಲೆಯ ಮಾತಿಗೆ ಹಣೆ ಬಡಿದುಕೊಂಡಳು.

"ಅಯ್ಯೋ ನನ್ನ ಹಣೆಬರವೇ! ಉರಿಯೋ ಒಲೆ ಕೆಡಿಸ್ತಾರೇನ್ಲಾ ಕೋಣ! ಒಬ್ಬರ ಮನೆಗೆ ಉಡುಗೊರೆ ಅಂತ ಹೋದ್ರೆ ಮೊದಲು ಅವರನ್ನ ಮೇಲಿಂದ ಕೆಳಗಂಟ ನೋಡಬೇಕು. ಇವರಿಗೆ ಏನು ಅದೆ, ಏನು ಇಲ್ಲ? ಏನು ಇಲ್ವೋ ಅದನ್ನ ಕೊಡಬೇಕು. ಅದು ಮನಸ್ಸಿಗೆ ಮುಟ್ಟೋದು! ತಿಳೀತಾ?"

"ತಿಳೀತು ಕಣವ್ವ. ಏನು ಇಲ್ವೋ ಅದು!"

ಟವೆಲು ಹಿಡಿದು ಸಿದ್ದರಾಜುವಿನ ಮನೆಗೆ ಹೋದ. ಸಿದ್ದರಾಜು ಜಗಲಿಯ ಮೇಲೆ ಕೂತು ಬೀಡಿ ಹಚ್ಚುತ್ತಿದ್ದ. ಚಿಕ್ಕಲಿಂಗ ಎದುರು ನಿಂತು ಮೇಲಿಂದ ಕೆಳಗೆ ನೋಡಿದ. ತಲೆ ಇದೆ. ಕಿವಿ ಎರಡಿವೆ. ಹೆಗಲ ಮೇಲೆ ಟವೆಲಿದೆ. ಟವೆಲು ಇದ್ದವನಿಗೆ ಟವೆಲೇಕೆ? ಇನ್ನೂ ಕೆಳಗೆ ನೋಡಿದ. ಎಡಗೈ, ಐದು ಬೆರಳು. ಬಲಗೈ, ಮೂರು ಬೆರಳು.

"ಸಿಕ್ತು!" ಅಂತ ಕೂಗಿ ಬಂದ ದಾರಿಗೇ ಓಡಿದ. ನೇರ ಬಡಗಿಯ ಹತ್ತಿರ. ಟವೆಲನ್ನು ಬಡಗಿಗೆ ಕೊಟ್ಟು ಬೊಂಬೆ ಮಾಡುವ ಹಾಲೆಮರದಲ್ಲಿ ಎರಡು ಬೆರಳು ಕಡೆಸಿದ. ಒಂದು ಗಿಡ್ಡ, ಒಂದು ಉದ್ದ, ಉಗುರು ಸಹಿತ. ವೀಳ್ಯದೆಲೆಯ ಮೇಲೆ ಇಟ್ಟ, ಅಡಕೆ ಇಟ್ಟ, ಹೂವು ಇಟ್ಟ. ತಂದು ಸಿದ್ದರಾಜುವಿನ ಮುಂದೆ ಬಗ್ಗಿ ಹಿಡಿದ.

"ನಮ್ಮವ್ವನ ಉಡುಗೊರೆ ಕಣಣ್ಣ. ನಿಂಗೆ ಏನು ಇಲ್ವೋ ಅದು."

ಸಿದ್ದರಾಜುವಿನ ಆ ಎರಡು ಬೆರಳು ಮೂರು ವರ್ಷದ ಹಿಂದೆ ಮಂಚಮ್ಮನ ಗಾಣದಲ್ಲಿ ಹೋದದ್ದು. ಕಬ್ಬಿನ ಜೊತೆಗೆ ಹೋದವು. ಅವತ್ತು ಮಂಚಮ್ಮ ಎರಡು ದಿನ ರಜೆ ಕೊಟ್ಟಿದ್ದಳು, ಆ ಕೊಪ್ಪರಿಗೆಯ ಕಬ್ಬಿನ ಹಾಲನ್ನು ಚೆಲ್ಲಬೇಕಾಯಿತಲ್ಲ ಅಂತ ಎಂಟು ದಿನ ಗೊಣಗಿದ್ದಳು. ಬೇರೆ ಯಾರಾದರೂ ಆಗಿದ್ದರೆ ಆ ಮರದ ಬೆರಳನ್ನು ಎಸೆಯುತ್ತಿದ್ದರು. ಸಿದ್ದರಾಜು ಎಸೆಯಲಿಲ್ಲ. ಕೈಗೆ ತೆಗೆದುಕೊಂಡು, ಬೆರಳಿಲ್ಲದ ಜಾಗಕ್ಕೆ ಹಿಡಿದು ನೋಡಿದ. ಕಣ್ಣಲ್ಲಿ ನೀರು ಬಂತು.

"ಮೂರು ವರ್ಷಕ್ಕೆ ನಿಮ್ಮನೇಲಿ ಒಬ್ಬರ ಕಣ್ಣಿಗಾದ್ರೂ ಬಿತ್ತಲ್ಲ ಲಿಂಗಪ್ಪ" ಅಂದ. "ನಿಮ್ಮವ್ವಂಗೆ ಹೇಳು. ಅಳತೆ ಸರಿಯಾಗದೆ ಅಂತ."

ಚಿಕ್ಕಲಿಂಗ ಹಿಗ್ಗಿ ಹೀರೇಕಾಯಿ ಆಗಿ ಮನೆಗೆ ಬಂದ. "ಅವ್ವಾ, ಮನಸ್ಸಿಗೆ ಮುಟ್ತು ಕಣವ್ವ! ಅತ್ತುಬಿಟ್ಟ!"

ಮಂಚಮ್ಮ ಕೇಳಿದಳು. ಹಣೆಗೆ ಎತ್ತಿದ ಕೈ ಅರ್ಧದಲ್ಲೇ ನಿಂತಿತು. ಒಂದು ಗಳಿಗೆ ನಾಚಿಕೆಯಾಯಿತು, ಇಲ್ಲವೆನ್ನಬಾರದು. ಆದರೆ ಆ ಮನೆಯಲ್ಲಿ ನಾಚಿಕೆ ಅನ್ನುವುದು ನೆಂಟರ ಹಾಗೆ, ಊಟಕ್ಕೆ ಮುಂಚೆ ಹೊರಟುಬಿಡುತ್ತಿತ್ತು.

"ಅಯ್ಯೋ ನನ್ನ ಹಣೆಬರವೇ! ಇಲ್ಲದ್ದನ್ನ ಎತ್ತಿ ತೋರಿಸ್ತಾರೇನ್ಲಾ! ಅದು ಹಂಗಿಸ್ದಂಗೆ! ಕಂಡ್ರೂ ಕಾಣದಂಗಿರ್ಬೇಕು. ಬಾಯ್ತುಂಬ ಹೊಗಳ್ಬೇಕು! ಊರ ಜನರ ಮುಂದೆ ಹೊಗಳ್ಬೇಕು! ಇದ್ದದ್ದು ಸಾಲದೆ ಬಂದ್ರೆ ಇಲ್ಲದ್ದನ್ನೂ ಇದೆ ಅನ್ನು, ನಿನ್ನ ಗಂಟೇನು ಹೋಯ್ತದೆ? ಎಲ್ಲ ಆಫೀಸಲ್ಲೂ ಹಂಗೇಯಂತೆ. ತಿಳೀತಾ?"

"ತಿಳೀತು ಕಣವ್ವ. ಇಲ್ಲದ್ದನ್ನ ಇದೆ ಅನ್ನೋದು!"

ಉಳಿದವನು ಜವರಯ್ಯ ಒಬ್ಬನೇ. ಇವನೇ ಮುಖ್ಯ. ಯುಗಾದಿ ಸಂಜೆ ಅರಳಿಕಟ್ಟೆಯಲ್ಲಿ ಐನೋರು ಹೊಸ ವರ್ಷದ ಪಂಚಾಂಗ ಓದುತ್ತಾರೆ, ಊರೆಲ್ಲ ಸೇರುತ್ತೆ. ಅಲ್ಲಿ ಹೊಗಳಿದರೆ ಜವರಯ್ಯ ಹೊಳೆ ದಾಟುವುದು ಹೇಗೆ? ಇಷ್ಟು ಮಾನ ಕೊಟ್ಟ ಮನೆ ಬಿಟ್ಟರೆ ಊರು ನಗುವುದಿಲ್ಲವೆ? ಮಂಚಮ್ಮ ಅಷ್ಟು ದೂರ ಲೆಕ್ಕ ಹಾಕಿದ್ದಳು. ಹೊಗಳುವ ಬಾಯಿ ಯಾವುದು ಅನ್ನುವುದನ್ನು ಮಾತ್ರ ಲೆಕ್ಕಕ್ಕೆ ಹಿಡಿಯಲಿಲ್ಲ.

ಐನೋರು ಮಳೆ ಎಷ್ಟು, ಬೆಳೆ ಎಷ್ಟು ಅಂತ ಓದಿ ಮುಗಿಸಿದರು. ಚಿಕ್ಕಲಿಂಗ ಕಟ್ಟೆ ಹತ್ತಿದ.

"ಕೇಳ್ರಪ್ಪೋ ಕೇಳಿ! ನಮ್ಮ ಜವರಣ್ಣನ ವಿಚಾರ! ಜವರಣ್ಣಂಗೆ ನಮ್ಮವ್ವ ತೋಟದ ಪಕ್ಕದ ಗದ್ದೆ ಕೊಟ್ಟವ್ಳೆ!"

ಜನ "ಹೋ!" ಅಂದರು. ಜವರಯ್ಯ ತಲೆ ಎತ್ತಿದ.

"ಜೋಡೆತ್ತು ಕೊಟ್ಟವ್ಳೆ!"

"ಹೋ!"

"ಹೆಂಡ್ರಿಗೆ ಬೆಳ್ಳಿ ಡಾಬು ಕೊಟ್ಟವ್ಳೆ! ಮಗಳ ಮದುವೆ ತಾನೇ ಮಾಡ್ತೀನಿ ಅಂದವ್ಳೆ! ಜವರಣ್ಣಂಗೆ ನಮ್ಮನೇಲಿ ಏನೂ ಕಮ್ಮಿ ಇಲ್ಲ!"

ಊರು ಜವರಯ್ಯನನ್ನು ಮುತ್ತಿಕೊಂಡಿತು. ಒಬ್ಬ ಬೆನ್ನು ತಟ್ಟಿದ. ಒಬ್ಬ ಎತ್ತು ಒಂದು ದಿನಕ್ಕೆ ಎರವಲು ಕೊಡು ಅಂದ. ದಾಯಾದಿ ಒಬ್ಬ ಗದ್ದೆಯಲ್ಲಿ ತನಗೂ ಪಾಲಿದೆ ಅಂತ ಅಲ್ಲೇ ಜಗಳ ತೆಗೆದ. ಜವರಯ್ಯ ಹೇಗೋ ಬಿಡಿಸಿಕೊಂಡು ಮನೆಗೆ ಹೋದರೆ, ಬಾಗಿಲಲ್ಲಿ ಹೆಂಡತಿ ನಿಂತಿದ್ದಳು. ಕೈಯಲ್ಲಿ ಮುದ್ದೆ ಕೋಲು.

"ಬೆಳ್ಳಿ ಡಾಬು ಎಲ್ಲಿ?"

"ಯಾವ ಡಾಬು ಕಣೆ?"

"ಊರಿಗೆಲ್ಲ ಗೊತ್ತು, ನಂಗೆ ಗೊತ್ತಿಲ್ವಾ? ಯಾವಳಿಗೆ ಕೊಟ್ಟೆ ಹೇಳು!"

ಆ ರಾತ್ರಿ ಜವರಯ್ಯನ ಮನೆಯಲ್ಲಿ ಒಬ್ಬಟ್ಟು ಹಾಗೇ ಉಳಿಯಿತು. ಮಂಚಮ್ಮನ ಮನೆಯಲ್ಲೂ ಉಳಿಯಿತು. ಅವಳು ಹಣೆ ಬಡಿದುಕೊಂಡು ಬಡಿದುಕೊಂಡು ಕುಂಕುಮವಿಲ್ಲದ ಹಣೆಯೇ ಕೆಂಪಾಗಿತ್ತು.

"ಅಯ್ಯೋ ನನ್ನ ಹಣೆಬರವೇ! ನಾಳೆ ತೊಡಕು! ಅವನು ಹೋದ್ರೆ ನಾವು ಕೆಟ್ವಿ ಕಣ್ಲಾ! ಇನ್ನು ಅವನ ಮುಂದೆ ನೀನು ಮಾತೇ ಆಡಬ್ಯಾಡ! ಒಂದು ಪಿಟ್ಟೂ ಅನ್ನಬ್ಯಾಡ!"

"ಹೂಂ ಅನ್ನಬೌದಾ ಅವ್ವ?"

"ಹೂಂ ಅನ್ನಂಗಿಲ್ಲ!"

ಚಿಕ್ಕಲಿಂಗ ಬಾಯಿಯ ಮೇಲೆ ಬೆರಳಿಟ್ಟುಕೊಂಡು ಮಲಗಿದ.

ತೊಡಕಿನ ದಿನ ಬೆಳಗಾಯಿತು. ಮಂಚಮ್ಮ ಮೂಗನ್ನು ಮನೆಯಲ್ಲೇ ಬಿಟ್ಟು, ಹುಟ್ಟಿದಮೇಲೆ ಮೊದಲ ಸಲ ಒಬ್ಬ ಆಳಿನ ಹೊಸ್ತಿಲಿಗೆ ನಡೆದಳು. ಜವರಯ್ಯ ಕಣ್ಣು ಊದಿಸಿಕೊಂಡು ಕೂತಿದ್ದ. ಮಂಚಮ್ಮ ಬಾಗಿಲಲ್ಲಿ ನಿಂತು ಕೈ ಮುಗಿದಳು.

"ಜವರಯ್ಯ, ತಪ್ಪಾಯ್ತಪ್ಪ. ಇಪ್ಪತ್ತು ವರ್ಷ ದುಡಿದಿದ್ದೀಯ. ಇವತ್ತು ನಮ್ಮನೇಲಿ ಎಡೆ ಹಾಕೊಂಡು ಉಂಡು, ಹೊಸ ಪಂಚೆ ಉಟ್ಟು, ಕೊಪ್ಪರಿಗೆಗೆ ಸೌಟು ಇಳಿಸು. ಇಲ್ಲ ಅನ್ನಬ್ಯಾಡ."

ಜವರಯ್ಯ ಮೆತ್ತನೆ ಮನುಷ್ಯ. ಇಪ್ಪತ್ತು ವರ್ಷದಲ್ಲಿ ಗೌಡ್ತಿ ಅವನ ಹೆಸರು ಹಿಡಿದು ಮೆತ್ತಗೆ ಕರೆದದ್ದು ಇದೇ ಮೊದಲು. "ಹಂಗ್ಯಾಕವ್ವ ಕೈ ಮುಗೀತೀಯ? ನಾನು ಕಾಸಿದ ಕೊಪ್ಪರಿಗೆ ಅಲ್ವಾ ಅದು? ಬತ್ತೀನಿ ನಡಿ" ಅಂದ.

ಮಂಚಮ್ಮನಿಗೆ ಹೋದ ಜೀವ ಬಂದಂತಾಯಿತು. ನೋಡಿ, ಇಷ್ಟೇ ಸಾಕಿತ್ತು. ಕಂಬಳಿ ಬೇಡ, ಸೀರೆ ಬೇಡ, ಹೊಗಳಿಕೆ ಬೇಡ. ಬಾಗಿಲಿಗೆ ಬಂದು ಒಂದು ಮಾತು ಸಾಕಿತ್ತು. ಇಲ್ಲಿಗೇ ನಿಂತಿದ್ದರೆ ಎಲ್ಲ ನೆಟ್ಟಗಾಗುತ್ತಿತ್ತು.

ಜವರಯ್ಯನನ್ನು ಕರೆತಂದು ನಡುಮನೆಯಲ್ಲಿ ಗಂಡನ ಪಟದ ಕೆಳಗೆ ಮಣೆ ಹಾಕಿ ಕೂರಿಸಿದಳು. ಒಳಗೆ ಬಾಡಿನ ಸಾರು ಘಮಘಮ ಅನ್ನುತ್ತಿತ್ತು. ಅಷ್ಟರಲ್ಲಿ ಆಲೆಮನೆ ಕಡೆಯಿಂದ ಗಾಡಿಯ ಗಂಟೆ ಕೇಳಿತು. ಪುಟ್ಟೀರೇಗೌಡನ ಗಾಡಿ! ಬೆಟ್ಟಯ್ಯ, ದೇವೀರಮ್ಮ, ಸಿದ್ದರಾಜು ಮೂವರೂ ಅಲ್ಲೇ ಇದ್ದಾರೆ. ಅವರು ಹತ್ತಿ ಹೋದರೆ ಉರಿ ಹಾಕುವವರು ಯಾರು, ಗಾಣಕ್ಕೆ ಕೊಡುವವರು ಯಾರು? ಮಂಚಮ್ಮ ಸೆರಗು ಸಿಕ್ಕಿಸಿಕೊಂಡು ಓಡಲು ಎದ್ದಳು. ಓಡುವವಳು ಹಿಂದಕ್ಕೆ ತಿರುಗಿ ಮಗನಿಗೆ ಹೇಳಿದಳು.

"ಲಿಂಗ, ನಾನು ಈಗ ಬಂದೆ. ಅಲ್ಲಿಗಂಟ ಜವರಯ್ಯನನ್ನ ನೋಡ್ಕೊ. ಈ ಮನೆ ಯಜಮಾನ ಅಂದ್ರೆ ನಿಮ್ಮಪ್ಪ. ನಿಮ್ಮಪ್ಪಂಗೆ ಹೆಂಗೆ ಮರ್ಯಾದೆ ಮಾಡ್ತೀಯೋ ಹಂಗೇ ಇವನಿಗೂ ಮಾಡು. ಒಂದು ಚೂರು ಕಮ್ಮಿ ಆಗಬಾರ್ದು. ತಿಳೀತಾ?"

ಚಿಕ್ಕಲಿಂಗ ಹೂಂ ಅನ್ನಲಿಲ್ಲ. ಅನ್ನಂಗಿರಲಿಲ್ಲವಲ್ಲ. ತಲೆ ಆಡಿಸಿದ.

ಅಪ್ಪನಿಗೆ ಮರ್ಯಾದೆ ಮಾಡುವುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಹತ್ತು ವರ್ಷದಿಂದ ಹಬ್ಬಕ್ಕೆ ಹಬ್ಬಕ್ಕೆ ಅವನೇ ಮಾಡುತ್ತಿದ್ದ. ಆ ಒಂದು ಕೆಲಸದಲ್ಲಿ ಅವನು ಎಂದೂ ತಪ್ಪಿದವನಲ್ಲ.

ಮೊದಲು ಬಾಳೆಲೆ ತಂದು ಜವರಯ್ಯನ ಮುಂದೆ ಹಾಕಿದ. ಮುದ್ದೆ ಇಟ್ಟ, ಬಾಡು ಬಡಿಸಿದ, ಅನ್ನ ಬಡಿಸಿದ. ಜವರಯ್ಯ "ಸಾಕು ಲಿಂಗಪ್ಪ" ಅಂದ. ಚಿಕ್ಕಲಿಂಗ ಮಾತಾಡಲಿಲ್ಲ. ಎಲೆಯ ಪಕ್ಕದಲ್ಲಿ ಹೊಸ ಪಂಚೆ ಮಡಿಸಿ ಇಟ್ಟ. ಬೀಡಿ ಕಟ್ಟು ಇಟ್ಟ, ಅಪ್ಪನಿಗೆ ಇಷ್ಟ. ಜವರಯ್ಯನಿಗೆ ಸಂತೋಷವಾಯಿತು. ಮುದ್ದೆಗೆ ಕೈ ಹಾಕಿದ. ಚಿಕ್ಕಲಿಂಗ ಫಟ್ಟನೆ ಆ ಕೈಮೇಲೆ ಹೊಡೆದು ತೊಡೆಯ ಮೇಲೆ ಇರಿಸಿದ. ಅಪ್ಪ ಎಂದೂ ಹಾಗೆ ಅವಸರ ಮಾಡಿದವನಲ್ಲ.

"ಯಾಕಪ್ಪ?"

ಚಿಕ್ಕಲಿಂಗ ತುಟಿಯ ಮೇಲೆ ಬೆರಳಿಟ್ಟು ತೋರಿಸಿದ. ಹಣೆಗೆ ವಿಭೂತಿ ಬಳಿದ. ಕೊರಳಿಗೆ ಸೇವಂತಿಗೆ ಹಾರ ಹಾಕಿದ. ಎರಡು ಕಡೆ ದೀಪ ಹಚ್ಚಿದ. ಕೆಂಡಕ್ಕೆ ಸಾಂಬ್ರಾಣಿ ಹಾಕಿ ಮುಖಕ್ಕೆ ಹೊಗೆ ಹಿಡಿದ. ಜವರಯ್ಯ ಕೆಮ್ಮಿದ. "ಲಿಂಗಪ್ಪ, ಇದೇನಪ್ಪ ಇದು? ನಾನು ಸತ್ತಿಲ್ಲ ಕಣಪ್ಪ!" ಚಿಕ್ಕಲಿಂಗ ತೆಂಗಿನಕಾಯಿ ಒಡೆದು, ಉದ್ದಂಡ ನಮಸ್ಕಾರ ಮಾಡಿ, ಮೂರು ಸಲ ಕೆನ್ನೆ ಬಡಿದುಕೊಂಡು, ಹಿಂದು ಹಿಂದಕ್ಕೆ ನಡೆದು ಹೊರಗೆ ಬಂದ. ಹಿರಿಯರು ಬಂದು ಉಣ್ಣುವಾಗ ಯಾರೂ ನೋಡಬಾರದು, ಅದು ಪದ್ಧತಿ. ಬಾಗಿಲು ಎಳೆದು ಚಿಲಕ ಹಾಕಿದ. ಒಂದು ತುತ್ತು ಕೈಲಿ ಹಿಡಿದು ಮಾಳಿಗೆ ಹತ್ತಿ ಕಾಗೆಯನ್ನು ಕಾಯುತ್ತಾ ನಿಂತ.

ಒಳಗಿಂದ ಜವರಯ್ಯ ಬಾಗಿಲು ಬಡಿದ. "ಲಿಂಗಪ್ಪಾ! ತೆಗಿಯಪ್ಪಾ! ಉಸುರು ಕಟ್ತದೆ!" ಚಿಕ್ಕಲಿಂಗನಿಗೆ ಬಹಳ ಸಂತೋಷ. ಹತ್ತು ವರ್ಷ ಎಡೆ ಇಟ್ಟಿದ್ದಾನೆ, ಅಪ್ಪ ಒಂದು ಸಲವೂ ಹೀಗೆ ಮಾತಾಡಿರಲಿಲ್ಲ.

ಅತ್ತ ಮಂಚಮ್ಮ ಗಾಡಿಯ ಮುಂದೆ ಅಡ್ಡ ನಿಂತಿದ್ದಳು. "ಜವರಯ್ಯ ನಮ್ಮನೇಲೇ ಉಣ್ತಾವ್ನೆ, ಈಗ ಬಂದು ಸೌಟು ಇಳಿಸ್ತಾನೆ, ಬೇಕಾದ್ರೆ ಬಂದು ನೋಡಿ" ಅಂತ ಮೂವರನ್ನೂ, ಗಾಡಿ ಸಮೇತ ಗಾಡಿಯವನನ್ನೂ ಎಳೆದುಕೊಂಡು ಬಂದಳು. ಹೊತ್ತು ಇನ್ನೇನು ನೆತ್ತಿಗೆ ಬರುವುದರಲ್ಲಿತ್ತು. ನೋಡಿದರೆ ಬಾಗಿಲಿಗೆ ಚಿಲಕ, ಸಂದಿಯಲ್ಲಿ ಸಾಂಬ್ರಾಣಿ ಹೊಗೆ, ಮಾಳಿಗೆಯ ಮೇಲೆ ಮಗ, ಕೈಯಲ್ಲಿ ತುತ್ತು.

ಚಿಲಕ ತೆಗೆದರು. ಜವರಯ್ಯ ಹೊರಗೆ ಬಂದ. ಹಣೆಯಲ್ಲಿ ವಿಭೂತಿ, ಕೊರಳಲ್ಲಿ ಹಾರ, ಕಣ್ಣಲ್ಲಿ ನೀರು. ಹೊಗೆಗೆ ಬಂದ ನೀರೋ, ಬೇರೆ ನೀರೋ, ಅವನೇ ಹೇಳಬೇಕು. ದೇವೀರಮ್ಮ ಎದೆ ಹಿಡಿದುಕೊಂಡಳು. ಬೆಟ್ಟಯ್ಯನ ಅರ್ಧ ಮೀಸೆ ನಡುಗಿತು.

"ಇದೇನ್ಲಾ ಮಾಡ್ದೆ!" ಅಂತ ಮಂಚಮ್ಮ ಕಿರುಚಿದಳು. ಚಿಕ್ಕಲಿಂಗ ಮಾಳಿಗೆಯಿಂದಲೇ ಗೋಡೆಯ ಮೇಲಿನ ಅಪ್ಪನ ಪಟ ಇರುವ ಕಡೆ ಕೈ ತೋರಿಸಿ, ಜವರಯ್ಯನ ಕಡೆ ಕೈ ತೋರಿಸಿ, ಎರಡೂ ಒಂದೇ ಅಂತ ಸನ್ನೆ ಮಾಡಿದ.

ಜವರಯ್ಯ ಹಾರ ತೆಗೆದು ಮಂಚಮ್ಮನ ಕೈಯಲ್ಲಿಟ್ಟ. ಕೋಪವಿರಲಿಲ್ಲ ಅವನಿಗೆ.

"ಅವನ್ನ ಬೈಬ್ಯಾಡ ಗೌಡ್ತವ್ವ. ಅವನು ಮಾಡಿದ್ದು ಸರಿಯಾಗದೆ. ಈ ಮನೇಲಿ ಮರ್ಯಾದೆ ಬೇಕು ಅಂದ್ರೆ ಸಾಯಬೇಕು. ನಾನಿನ್ನೂ ಬದುಕಿವ್ನಿ. ಬತ್ತೀನಿ."

ಅಷ್ಟು ಹೇಳಿ ಗಾಡಿ ಹತ್ತಿದ. ಅವನ ಹಿಂದೆ ಬೆಟ್ಟಯ್ಯ ಹತ್ತಿದ. ದೇವೀರಮ್ಮ ಹತ್ತಿದಳು. ಸಿದ್ದರಾಜು ಮೂರು ಬೆರಳಲ್ಲಿ ಗಾಡಿಯ ಗೂಟ ಹಿಡಿದು ಹತ್ತಿದ. ಗಂಟೆ ಆಡಿಸಿಕೊಂಡು ಗಾಡಿ ಹೊಳೆಗೆ ಇಳಿಯಿತು.

ಮಂಚಮ್ಮ ನಡುಮನೆಗೆ ಬಂದು ಆ ಮಣೆಯ ಮೇಲೆಯೇ ಕುಸಿದು ಕೂತಳು. ಹಾರ ಕೈಯಲ್ಲೇ ಇತ್ತು. ಹಣೆ ಬಡಿದುಕೊಳ್ಳುವುದಕ್ಕೂ ತ್ರಾಣವಿರಲಿಲ್ಲ. ಚಿಕ್ಕಲಿಂಗ ಇಳಿದು ಬಂದು ಎದುರು ನಿಂತ. ಅವ್ವ ಬೈಯಲಿಲ್ಲ. ಬುದ್ಧಿ ಹೇಳಲಿಲ್ಲ. ಅವನಿಗೆ ಗಾಬರಿಯಾಯಿತು. ಅವ್ವ ಹೇಳದೆ ಅವನು ಏನು ಮಾಡಬೇಕು?

"ಅವ್ವಾ, ಇನ್ನು ಯಾರಿಗೆ ಮರ್ಯಾದೆ ಮಾಡ್ಲಿ?"

ಮಂಚಮ್ಮ ಖಾಲಿ ಮನೆಯ ಸುತ್ತ ನೋಡಿದಳು. "ಇನ್ಯಾರವ್ರೆ ಮಗ ಇಲ್ಲಿ" ಅಂದಳು. "ನಾನೊಬ್ಳೇ."

"ತಿಳೀತು ಕಣವ್ವ!" ಅಂದ ಚಿಕ್ಕಲಿಂಗ.

ಅವ್ವನ ಕೈಯಿಂದ ಹಾರ ತೆಗೆದು ಅವಳ ಕೊರಳಿಗೆ ಹಾಕಿದ. ಎಲೆಯನ್ನು ಅವಳ ಮುಂದಕ್ಕೆ ಎಳೆದ. ಕೆಂಡಕ್ಕೆ ಇನ್ನೊಂದು ಹಿಡಿ ಸಾಂಬ್ರಾಣಿ ಹಾಕಿದ. ಅಡ್ಡಬಿದ್ದು ಎದ್ದು, ಹಿಂದು ಹಿಂದಕ್ಕೆ ನಡೆದು, ಬಾಗಿಲು ಎಳೆದು ಚಿಲಕ ಹಾಕಿ ಮಾಳಿಗೆ ಹತ್ತಿದ. ಒಳಗಿಂದ ಅವ್ವ ಬಾಗಿಲು ಬಡಿಯುತ್ತಿದ್ದಳು, ಹೆಸರು ಹಿಡಿದು ಕೂಗುತ್ತಿದ್ದಳು. ಬಂದು ಚಿಲಕ ತೆಗೆಯಲು ಒಬ್ಬ ಆಳೂ ಉಳಿದಿರಲಿಲ್ಲ. ಚಿಕ್ಕಲಿಂಗ ಹೊಳೆಯ ಕಡೆ ತಿರುಗಿ, ತುತ್ತು ಹಿಡಿದ ಕೈ ಮೇಲೆತ್ತಿ, ಬಾಯ್ತುಂಬ ಕರೆದ.

"ಕಾ... ಕಾ... ಬನ್ನಿ, ನಮ್ಮವ್ವನ ಎಡೆನೂ ಆಯ್ತು!"